ವೃದ್ಧಾಶ್ರಮದಲ್ಲಿ ದಿಢೀರ್ ಗೊಂದಲ: ಡೆಲಿರಿಯಂ ಗುರುತಿಸುವುದು ಮತ್ತು ನಿಭಾಯಿಸುವುದು ಹೇಗೆ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವ ಆಯಾಗಳು, ನರ್ಸ್‌ಗಳು, ವಾರ್ಡನ್‌ಗಳು ಮತ್ತು ವ್ಯವಸ್ಥಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಮನೆಯಲ್ಲೇ ಹಿರಿಯರನ್ನು ನೋಡಿಕೊಳ್ಳುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಹುಟ್ಟಿಕೊಂಡು, ದಿನವಿಡೀ ಹೆಚ್ಚು ಕಡಿಮೆ ಆಗುತ್ತಿರುವ ಗೊಂದಲದ ಸ್ಥಿತಿಗೆ ಡೆಲಿರಿಯಂ ಎನ್ನುತ್ತಾರೆ. ಹಿಂದಿನವರು ಸನ್ನಿ ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಇದರಲ್ಲಿ ವ್ಯಕ್ತಿಯ ಗಮನ ಒಂದು ಕಡೆ ನಿಲ್ಲುವುದಿಲ್ಲ, ಎಚ್ಚರದ ಮಟ್ಟ ಏರಿಳಿಯುತ್ತದೆ, ಮಾತಿನ ಎಳೆ ತಪ್ಪುತ್ತದೆ, ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ. ಶರೀರದಲ್ಲಿ ಬೇರೆಲ್ಲೋ ಆಗಿರುವ ತೊಂದರೆಯನ್ನು, ಅಂದರೆ ನ್ಯುಮೋನಿಯಾ, ನೀರಿನ ಕೊರತೆ, ಹೊಸದಾಗಿ ಶುರುವಾದ ಮಾತ್ರೆ, ಕಟ್ಟಿಕೊಂಡ ಮೂತ್ರ ಇಂಥದ್ದನ್ನು, ದುರ್ಬಲಗೊಂಡ ಮಿದುಳು ಈ ರೂಪದಲ್ಲಿ ಹೊರಗೆಡಹುತ್ತದೆ. ಎಷ್ಟೋ ಹಿರಿಯರಲ್ಲಿ ಜ್ವರಕ್ಕಿಂತ, ಕೆಮ್ಮಿಗಿಂತ ಮೊದಲು ಕಾಣಿಸಿಕೊಳ್ಳುವ ಲಕ್ಷಣ ಈ ಗೊಂದಲವೇ ಆಗಿರುತ್ತದೆ. ಆದ್ದರಿಂದ ಇದನ್ನು ಎದೆನೋವಿನಷ್ಟೇ ತುರ್ತಾಗಿ ಪರಿಗಣಿಸಬೇಕು.

ಆದರೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆ ಎಂದರೆ, ಎಂಬತ್ತು ದಾಟಿದವರು ಒಂದು ಬೆಳಿಗ್ಗೆ ಅಸಂಬದ್ಧವಾಗಿ ಮಾತನಾಡಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ವಾರಕ್ಕೊಮ್ಮೆ ಬಂದು ಹತ್ತು ನಿಮಿಷ ನೋಡಿ ಹೋಗುವ ವೈದ್ಯರಿಗೂ ಬದಲಾವಣೆ ಗೊತ್ತಾಗದಿರಬಹುದು, ಏಕೆಂದರೆ ಅವರು ಬಂದ ಹೊತ್ತಿಗೆ ಅಜ್ಜ ಚೆನ್ನಾಗಿಯೇ ಮಾತನಾಡಬಹುದು. ‘ನಿನ್ನೆ ಇವರು ಹೀಗಿರಲಿಲ್ಲ’ ಎಂದು ಖಚಿತವಾಗಿ ಹೇಳಬಲ್ಲವರು ದಿನವೂ ಕಾಫಿ ಕೊಡುವ, ಸ್ನಾನ ಮಾಡಿಸುವ, ಹಾಸಿಗೆ ಸರಿಮಾಡುವ ಸಿಬ್ಬಂದಿ ಮಾತ್ರ. ಡೆಲಿರಿಯಂ ಪತ್ತೆಯಾಗುವುದೂ ತಪ್ಪಿಹೋಗುವುದೂ ಅವರ ಆ ಒಂದು ಮಾತಿಗೆ ಸಂಸ್ಥೆಯಲ್ಲಿ ಎಷ್ಟು ಬೆಲೆಯಿದೆ ಎಂಬುದರ ಮೇಲೆ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಹೆಜ್ಜೆ: ಎಂದಿನ ಸ್ಥಿತಿಯನ್ನು ಬರೆದಿಡುವುದು

ಹೊಸಬರು ಆಶ್ರಮಕ್ಕೆ ಸೇರಿದ ಮೊದಲ ವಾರದಲ್ಲೇ, ಅವರು ಆರೋಗ್ಯವಾಗಿರುವಾಗ ಹೇಗಿರುತ್ತಾರೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕಡತಕ್ಕೆ ಸೇರಿಸಬೇಕು. ರಕ್ತದೊತ್ತಡ, ಶುಗರ್, ದೇಹದ ಉಷ್ಣತೆ, ಆಮ್ಲಜನಕದ ಮಟ್ಟ ಇವುಗಳ ಜೊತೆಗೆ ಅವರ ನಡವಳಿಕೆಯೂ ಅಲ್ಲಿರಬೇಕು: ಸಿಬ್ಬಂದಿಯ ಹೆಸರು ನೆನಪಿರುತ್ತದೆಯೇ, ಪತ್ರಿಕೆ ಓದುತ್ತಾರೆಯೇ, ಶೌಚಾಲಯಕ್ಕೆ ತಾವೇ ಹೋಗುತ್ತಾರೆಯೇ, ಕನ್ನಡಕ ಅಥವಾ ಶ್ರವಣ ಸಾಧನ ಇದೆಯೇ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು. ಈ ಕೊನೆಯದು ನಮ್ಮ ಕಡೆ ಸಣ್ಣ ವಿಷಯವಲ್ಲ. ಕಾಫಿ ತೋಟಗಳಲ್ಲಿ ದುಡಿದ ತಮಿಳರು, ಘಟ್ಟದ ಕೆಳಗಿನಿಂದ ಬಂದ ತುಳು, ಬ್ಯಾರಿ, ಕೊಂಕಣಿ ಮನೆಯವರು ದಶಕಗಳಿಂದ ಸಲೀಸಾಗಿ ಕನ್ನಡ ಮಾತನಾಡುತ್ತಿದ್ದರೂ, ಗೊಂದಲಕ್ಕೊಳಗಾದಾಗ ತಾಯ್ನುಡಿಗೆ ಮರಳುವುದುಂಟು. ಆಗ ಅದು ಅರ್ಥವಾಗದವರಿಗೆ ಬರಿಯ ಬಡಬಡಿಕೆಯಂತೆ ಕೇಳಿಸುತ್ತದೆ.

ಯಾರಿಗೆ ಅಪಾಯ ಹೆಚ್ಚು ಎಂಬುದನ್ನೂ ಅದೇ ಪುಟದಲ್ಲಿ ಗುರುತು ಹಾಕಿಕೊಳ್ಳಿ. 65 ದಾಟಿದವರು, ಈಗಾಗಲೇ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರು, ಹಿಂದೊಮ್ಮೆ ಡೆಲಿರಿಯಂ ಆದವರು, ಸೊಂಟದ ಮೂಳೆ ಮುರಿದವರು, ಕಣ್ಣು ಅಥವಾ ಕಿವಿ ಮಂದವಾದವರು, ಹಲವು ಬಗೆಯ ಮಾತ್ರೆಗಳನ್ನು ನುಂಗುವವರು ಈ ಗುಂಪಿಗೆ ಸೇರುತ್ತಾರೆ. ವೃದ್ಧಾಶ್ರಮದ ಮಟ್ಟಿಗೆ ಇದು ಹೆಚ್ಚು ಕಡಿಮೆ ಎಲ್ಲರೂ ಎಂದಾಯಿತು.

ಎರಡನೆಯ ಹೆಜ್ಜೆ: ಗಲಾಟೆ ಮಾಡುವವರನ್ನಷ್ಟೇ ಅಲ್ಲ, ಸುಮ್ಮನಾದವರನ್ನೂ ಗಮನಿಸುವುದು

ಡೆಲಿರಿಯಂ ಮೂರು ರೂಪಗಳಲ್ಲಿ ಬರುತ್ತದೆ. ಮೊದಲನೆಯದರಲ್ಲಿ ವ್ಯಕ್ತಿ ಚಡಪಡಿಸುತ್ತಾರೆ, ಬಟ್ಟೆ ಕಿತ್ತುಹಾಕುತ್ತಾರೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾರೆ, ತೋಟಕ್ಕೆ ಹೋಗಬೇಕೆಂದು ಬಾಗಿಲು ತಟ್ಟುತ್ತಾರೆ. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದರಲ್ಲಿ ಅವರು ಮಂಕಾಗುತ್ತಾರೆ: ಹಗಲಿನಲ್ಲೂ ತೂಕಡಿಕೆ, ಕೇಳಿದ್ದಕ್ಕೆ ತಡವಾಗಿ ಒಂದೇ ಪದದ ಉತ್ತರ, ಬಾಯಿಗಿಟ್ಟ ತುತ್ತು ಹಾಗೆಯೇ ಉಳಿಯುವುದು, ನಡೆಯುತ್ತಿದ್ದವರು ಹಾಸಿಗೆ ಬಿಟ್ಟೇಳದಿರುವುದು. ಮೂರನೆಯದು ಇವೆರಡರ ಮಿಶ್ರಣ. ಹಗಲಲ್ಲಿ ಮಂಪರು, ಸಂಜೆಯಾಗುತ್ತಿದ್ದಂತೆ ಗಲಾಟೆ.

ಇವುಗಳಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಮೂವತ್ತು ಜನರಿಗೆ ರಾತ್ರಿ ಒಬ್ಬರೇ ಆಯಾ ಇರುವ ಕಡೆ, ಸದಾ ಗೊಣಗುತ್ತಿದ್ದ ಅಜ್ಜಿ ಎರಡು ದಿನದಿಂದ ಸದ್ದಿಲ್ಲದೆ ಮಲಗಿದ್ದರೆ ‘ಪಾಪ, ಇವತ್ತು ಹಟ ಇಲ್ಲ’ ಎಂಬ ಸಮಾಧಾನ ಮೂಡುವುದು ಸಹಜ. ಆ ಸಮಾಧಾನವನ್ನೇ ಎಚ್ಚರಿಕೆಯ ಗಂಟೆಯೆಂದು ತಿಳಿಯಬೇಕು. ಮಂಕಾದವರಲ್ಲಿ ನೀರು, ಆಹಾರ ಒಳಗೆ ಹೋಗುವುದಿಲ್ಲ, ನುಂಗುವಾಗ ಶ್ವಾಸನಾಳಕ್ಕೆ ಜಾರುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ; ಅವರನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಮೂಲ ಕಾಯಿಲೆ ಬಲಿತಿರುತ್ತದೆ.

ಡಿಮೆನ್ಷಿಯಾದಿಂದ ಇದನ್ನು ಬೇರ್ಪಡಿಸಲು ನೋಡಬೇಕಾದದ್ದು ಮುಖ್ಯವಾಗಿ ವೇಗವನ್ನು. ಡಿಮೆನ್ಷಿಯಾ ತಿಂಗಳು, ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬೆಳೆಯುತ್ತದೆ, ಮತ್ತು ಅದರ ಆರಂಭದ ಹಂತಗಳಲ್ಲಿ ವ್ಯಕ್ತಿ ಎಚ್ಚರವಾಗಿಯೇ ಇರುತ್ತಾರೆ, ಎದುರಿಗಿರುವವರ ಮಾತಿಗೆ ಗಮನ ಕೊಡಬಲ್ಲರು. ಡೆಲಿರಿಯಂನಲ್ಲಿ ಮೊದಲು ಕೆಡುವುದೇ ಗಮನ. ಆದರೆ ಎರಡೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು, ವೃದ್ಧಾಶ್ರಮಗಳಲ್ಲಿ ಸಾಮಾನ್ಯವಾಗಿ ಇರುವುದೂ ಹಾಗೆಯೇ. ‘ಅವರಿಗೆ ಮೊದಲಿಂದಲೂ ಮರೆವು’ ಎಂಬುದು ದಿಢೀರ್ ಬದಲಾವಣೆಗೆ ವಿವರಣೆಯಾಗಲಾರದು. ಡ್ಯೂಟಿ ಬದಲಾಗುವಾಗ ಪ್ರತಿಯೊಬ್ಬ ನಿವಾಸಿಯ ಬಗ್ಗೆಯೂ ‘ಇವರು ಎಂದಿಗಿಂತ ಹೆಚ್ಚು ಗೊಂದಲದಲ್ಲಿದ್ದಾರೆಯೇ, ಹೆಚ್ಚು ಮಂಕಾಗಿದ್ದಾರೆಯೇ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪದ್ಧತಿಯೊಂದನ್ನು ಬೆಳೆಸಿದರೆ ಬಹಳಷ್ಟು ಪ್ರಕರಣಗಳು ಮೊದಲ ದಿನವೇ ಸಿಕ್ಕಿಬೀಳುತ್ತವೆ. ಕುಟುಂಬದವರು ಫೋನಿನಲ್ಲಿ ‘ಅಮ್ಮ ಯಾಕೋ ಸರಿಯಾಗಿ ಮಾತಾಡ್ತಿಲ್ಲ’ ಎಂದರೆ ಅದನ್ನೂ ಇದೇ ಸಾಲಿಗೆ ಸೇರಿಸಿ.

ಮೂರನೆಯ ಹೆಜ್ಜೆ: ಎರಡು ನಿಮಿಷದ ಪರೀಕ್ಷೆ

ಅನುಮಾನ ಬಂದಾಗ ಬಳಸಲು ಫೋರ್‌ಎಟಿ ಎಂಬ ಸರಳ ಪರೀಕ್ಷೆಯಿದೆ. ವಿಶೇಷ ತರಬೇತಿ ಇಲ್ಲದ ಆರೋಗ್ಯ ಸಿಬ್ಬಂದಿಯೂ ಮಾಡಬಹುದಾದಂತೆ ಇದನ್ನು ರೂಪಿಸಲಾಗಿದೆ. ಇದರಲ್ಲಿ ನಾಲ್ಕು ಭಾಗಗಳಿವೆ. ಎಚ್ಚರದ ಮಟ್ಟ ಸ್ಪಷ್ಟವಾಗಿ ಅಸಹಜವಾಗಿದ್ದರೆ 4 ಅಂಕ. ವಯಸ್ಸು, ಹುಟ್ಟಿದ ದಿನಾಂಕ, ಈಗಿರುವ ಸ್ಥಳ, ಈಗಿನ ಇಸವಿ ಇವುಗಳಲ್ಲಿ ಒಂದು ತಪ್ಪಾದರೆ 1, ಎರಡು ಅಥವಾ ಹೆಚ್ಚು ತಪ್ಪಾದರೆ 2. ಡಿಸೆಂಬರ್‌ನಿಂದ ಹಿಮ್ಮುಖವಾಗಿ ತಿಂಗಳುಗಳನ್ನು ಹೇಳಿಸಿದಾಗ ಏಳು ತಿಂಗಳು ಸರಿಯಾಗಿ ಹೇಳಿದರೆ 0, ಶುರುಮಾಡಿ ಏಳನ್ನು ಮುಟ್ಟದಿದ್ದರೆ ಅಥವಾ ಹೇಳಲು ಒಪ್ಪದಿದ್ದರೆ 1, ಪರೀಕ್ಷಿಸಲಾಗದಷ್ಟು ಮಂಪರಿದ್ದರೆ 2. ಕಳೆದ ಎರಡು ವಾರಗಳಲ್ಲಿ ಕಾಣಿಸಿಕೊಂಡು ಕಳೆದ 24 ಗಂಟೆಗಳಲ್ಲೂ ಇರುವ ದಿಢೀರ್ ಬದಲಾವಣೆ ಅಥವಾ ಏರಿಳಿತವಿದ್ದರೆ 4. ಒಟ್ಟು 4 ಅಥವಾ ಹೆಚ್ಚಾದರೆ ಡೆಲಿರಿಯಂ ಇರಬಹುದೆಂದು ಭಾವಿಸಿ ಮುಂದುವರಿಯಬೇಕು. 1ರಿಂದ 3 ಬಂದರೆ ನೆನಪಿನ ಶಕ್ತಿ ಕುಂದಿರುವ ಸಾಧ್ಯತೆಯಿದೆ.

ನಮ್ಮ ಹಿರಿಯರಿಗೆ ಇದನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು. ಹುಟ್ಟಿದ ದಿನಾಂಕವೇ ಗೊತ್ತಿಲ್ಲದ, ಆಧಾರ್ ಕಾರ್ಡಿನಲ್ಲಿ ಅಂದಾಜಿಗೆ ಜನವರಿ 1 ಎಂದು ಬರೆಸಿಕೊಂಡ ತಲೆಮಾರು ಇದು. ಶಾಲೆಯ ಮೆಟ್ಟಿಲು ಹತ್ತದವರಿಗೆ ಇಂಗ್ಲಿಷ್ ತಿಂಗಳುಗಳನ್ನು ಹಿಂದುಮುಂದಾಗಿ ಹೇಳುವುದು ಆರೋಗ್ಯವಾಗಿದ್ದಾಗಲೂ ಆಗದ ಕೆಲಸ. ಅಂಥವರಿಗೆ ಶನಿವಾರದಿಂದ ಹಿಂದಕ್ಕೆ ವಾರಗಳನ್ನು ಹೇಳಿಸುವುದು, ಅಥವಾ ಇಪ್ಪತ್ತರಿಂದ ಒಂದರವರೆಗೆ ಎಣಿಸಿಸುವುದು ಉತ್ತಮ. ಅಂಕಗಳ ಲೆಕ್ಕ ಆಗ ಕಟ್ಟುನಿಟ್ಟಾಗಿ ಹೊಂದದು, ಆದರೆ ಮಧ್ಯದಲ್ಲೇ ಎಳೆ ಕಳೆದುಕೊಂಡು ಕಿಟಕಿಯ ಕಡೆ ನೋಡತೊಡಗುವುದು ಕಣ್ಣಿಗೆ ಕಾಣುತ್ತದೆ. ಸೇರಿದ ವಾರದಲ್ಲೇ ಇದನ್ನೊಮ್ಮೆ ಮಾಡಿಸಿ ಫಲಿತಾಂಶ ಬರೆದಿಟ್ಟಿದ್ದರೆ ಹೋಲಿಕೆ ಇನ್ನೂ ಸುಲಭ. ಕನ್ನಡಕ, ಶ್ರವಣ ಸಾಧನ ಹಾಕಿಸಿಯೇ ಪರೀಕ್ಷಿಸಬೇಕೆಂದು ಬೇರೆ ಹೇಳಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಮೊದಲ ಅರ್ಧ ಗಂಟೆ

ಗ್ಲುಕೋಮೀಟರ್ ಮೊದಲು ಹಿಡಿಯಿರಿ. ಮಧುಮೇಹಕ್ಕೆ ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವ ಹಿರಿಯರು ಒಂದು ಹೊತ್ತು ಊಟ ಬಿಟ್ಟರೆ ಸಾಕು, ಶುಗರ್ ಕುಸಿಯಬಹುದು. 70ಕ್ಕಿಂತ ಕಡಿಮೆಯಿದ್ದು, ಎಚ್ಚರವಾಗಿದ್ದು ನುಂಗಬಲ್ಲರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ನುಂಗಲಾಗದಷ್ಟು ಮಂಪರಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಈ ಮಾತ್ರೆಗಳ ಪ್ರಭಾವ ದೀರ್ಘಕಾಲ ಇರುವುದರಿಂದ ಸಕ್ಕರೆ ಕುಡಿದು ಚೇತರಿಸಿಕೊಂಡವರ ಶುಗರ್ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು; ಆದ್ದರಿಂದ ಸರಿಹೋಯಿತೆಂದು ಬಿಡದೆ ವೈದ್ಯರಿಗೆ ತಿಳಿಸಲೇಬೇಕು.

ನಂತರ ಆಮ್ಲಜನಕದ ಮಟ್ಟ, ನಾಡಿ, ರಕ್ತದೊತ್ತಡ, ಉಷ್ಣತೆ ಮತ್ತು ಒಂದು ನಿಮಿಷಕ್ಕೆ ಉಸಿರಾಟದ ಸಂಖ್ಯೆ. ಉಸಿರನ್ನು ಎಣಿಸುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ನಿಮಿಷಕ್ಕೆ 25 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿರುವುದು ನ್ಯುಮೋನಿಯಾದ ಬಲವಾದ ಸೂಚನೆ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಏರದಿರಬಹುದು; 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಅವರ ಎಂದಿನ ಉಷ್ಣತೆಗಿಂತ 2 ಡಿಗ್ರಿ ಹೆಚ್ಚಾದರೆ ಅದನ್ನು ಜ್ವರವೆಂದೇ ಪರಿಗಣಿಸಬೇಕು.

ಮುಖ ಒಂದು ಕಡೆಗೆ ಸೊಟ್ಟಗಾಗಿದ್ದರೆ, ಒಂದು ಕೈ ಅಥವಾ ಕಾಲು ಬಲ ಕಳೆದುಕೊಂಡಿದ್ದರೆ, ಮಾತು ತೊದಲುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಆಮ್ಲಜನಕ 92ಕ್ಕಿಂತ ಕೆಳಗಿದ್ದರೆ, ಕರೆದರೆ ಎಚ್ಚರವಾಗದಿದ್ದರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ ಕಾರಣ ಹುಡುಕುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಎರಡು ಮೂರು ವಾರಗಳ ಹಿಂದೆ ಬಿದ್ದಿದ್ದರೂ ಅದನ್ನು ಹೇಳಬೇಕು, ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಶೇಖರವಾಗಿರಬಹುದು. ಕಳಸ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಒಳಭಾಗಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವುದು, ನೆಟ್‌ವರ್ಕ್ ಹೋಗುವುದು ಹೊಸದೇನಲ್ಲ. ಅಂಥ ಕಡೆ ‘ಬೆಳಗಾಗಲಿ ನೋಡೋಣ’ ಎನ್ನುವ ಅವಕಾಶ ಪಟ್ಟಣದವರಿಗಿಂತ ಕಡಿಮೆ ಎಂಬುದನ್ನು ನಿರ್ಧಾರ ಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಐದನೆಯ ಹೆಜ್ಜೆ: ಕಾರಣ ಹುಡುಕುವುದು

ಒಂದೇ ಕಾರಣ ಸಿಗುವುದು ಅಪರೂಪ. ಸಾಮಾನ್ಯವಾಗಿ ಎರಡು ಮೂರು ಸಣ್ಣ ತೊಂದರೆಗಳು ಒಂದರ ಮೇಲೊಂದು ಸೇರಿಕೊಂಡಿರುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ನಡೆಯುವ ಒಂದು ಸರಣಿಯನ್ನು ಗಮನಿಸಿ. ಜುಲೈ ತಿಂಗಳ ಚಳಿಯಲ್ಲಿ, ಹಿತ್ತಲ ಕಡೆಯ ಬಚ್ಚಲಿಗೆ ಪದೇ ಪದೇ ಹೋಗುವುದನ್ನು ತಪ್ಪಿಸಲು ಅಜ್ಜ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ವಯಸ್ಸಾದಂತೆ ಬಾಯಾರಿಕೆಯೂ ಅಷ್ಟಾಗಿ ತಿಳಿಯುವುದಿಲ್ಲ. ಬಿಪಿಗೆಂದು ಕೊಟ್ಟ ನೀರಿಳಿಸುವ ಮಾತ್ರೆ ಮಾತ್ರ ನಿತ್ಯ ನಡೆದಿರುತ್ತದೆ. ನೆಗಡಿಯಾಯಿತೆಂದು ಯಾರೋ ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ ತಂದುಕೊಡುತ್ತಾರೆ, ಅದರಲ್ಲಿರುವ ಕ್ಲೋರ್‌ಫೆನಿರಮೈನ್ ಮಲಬದ್ಧತೆಯನ್ನುಂಟುಮಾಡಿ, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಗಂಡಸರಲ್ಲಿ ಮೂತ್ರವನ್ನು ಕಟ್ಟುತ್ತದೆ, ನೇರವಾಗಿ ಮಿದುಳನ್ನೂ ಮಂಕಾಗಿಸುತ್ತದೆ. ನಾಲ್ಕನೆಯ ದಿನ ರಾತ್ರಿ ಅವರು ಎದ್ದು ಕೂತು ತೀರಿಹೋದ ತಮ್ಮನನ್ನು ಕರೆಯತೊಡಗಿದಾಗ, ಆ ಕೋಣೆಯಲ್ಲಿ ಗಾಳಿ ಸೋಕಿದೆ ಎನ್ನುವವರು ಒಬ್ಬರಾದರೂ ಇರುತ್ತಾರೆ.

ಹೀಗಾಗಿ ಹುಡುಕಾಟವನ್ನು ಮಾತ್ರೆ ಡಬ್ಬಿಯಿಂದ ಶುರುಮಾಡುವುದು ಜಾಣತನ. ಕಳೆದ ಎರಡು ವಾರಗಳಲ್ಲಿ ಹೊಸದಾಗಿ ಸೇರಿದ್ದು, ಪ್ರಮಾಣ ಹೆಚ್ಚಿದ್ದು, ಥಟ್ಟನೆ ನಿಲ್ಲಿಸಿದ್ದು ಯಾವುದು ಎಂದು ನೋಡಿ. ಶೀತ ಮತ್ತು ಅಲರ್ಜಿಯ ಕ್ಲೋರ್‌ಫೆನಿರಮೈನ್, ಫೆನಿರಮೈನ್, ಪ್ರೊಮೆಥಜಿನ್. ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್. ನೋವಿಗೆ ಮತ್ತು ನಿದ್ರೆಗೆ ಕೊಡುವ ಅಮಿಟ್ರಿಪ್ಟಿಲಿನ್. ಮೂತ್ರ ತಡೆಯಲಾಗದ್ದಕ್ಕೆ ಕೊಡುವ ಆಕ್ಸಿಬ್ಯುಟಿನಿನ್. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಆಲ್ಪ್ರಜೋಲಾಮ್, ಡಯಾಜೆಪಾಮ್‌ನಂತಹ ನಿದ್ರೆ ಮಾತ್ರೆಗಳು. ನೋವಿನ ಟ್ರಮಡಾಲ್, ಇವೆಲ್ಲವೂ ಹಿರಿಯರಲ್ಲಿ ಗೊಂದಲ ತರಬಲ್ಲವು. ಹಾಗೆಂದು ಯಾವುದನ್ನೂ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ವರ್ಷಗಟ್ಟಲೆ ನುಂಗಿದ ನಿದ್ರೆ ಮಾತ್ರೆಯನ್ನು ಒಮ್ಮೆಲೇ ಬಿಡಿಸಿದರೆ ಅದೇ ಡೆಲಿರಿಯಂಗೆ ದಾರಿಯಾಗುತ್ತದೆ.

ಮದ್ಯದ ವಿಷಯವೂ ಹೀಗೆಯೇ, ಮತ್ತು ಇದು ಮುಚ್ಚಿಡುವ ವಿಷಯವಾದ್ದರಿಂದ ಹೆಚ್ಚು ಅಪಾಯಕಾರಿ. ದಿನವೂ ಕುಡಿಯುತ್ತಿದ್ದವರು ಆಶ್ರಮಕ್ಕೆ ಬಂದು ಕುಡಿತ ನಿಂತ ಎರಡರಿಂದ ನಾಲ್ಕು ದಿನಗಳಲ್ಲಿ ಕೈನಡುಕ, ಬೆವರು, ಹುಳುಹುಪ್ಪಟೆ ಕಾಣುವುದು, ಫಿಟ್ಸ್ ಶುರುವಾದರೆ ಅದು ಜೀವಕ್ಕೇ ಎರವಾಗಬಲ್ಲ ತುರ್ತು ಸ್ಥಿತಿ. ಸೇರಿಸಿಕೊಳ್ಳುವಾಗಲೇ ಮಕ್ಕಳನ್ನು ಪಕ್ಕಕ್ಕೆ ಕರೆದು, ತಪ್ಪು ಹೊರಿಸುವ ಧಾಟಿಯಿಲ್ಲದೆ ಕೇಳಿ ತಿಳಿದುಕೊಳ್ಳಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದವರಿಗೆ ಅದು ದಿಢೀರನೆ ನಿಂತರೂ ಚಡಪಡಿಕೆ ಹೆಚ್ಚುತ್ತದೆ.

ಇನ್ನು ದೇಹವನ್ನು ನೋಡುವುದು. ಬಾಯಿ, ನಾಲಿಗೆ ಒಣಗಿವೆಯೇ? ಮೂತ್ರ ಗಾಢ ಬಣ್ಣದ್ದಾಗಿದೆಯೇ? ಕೊನೆಯ ಬಾರಿ ಮಲವಿಸರ್ಜನೆಯಾದದ್ದು ಯಾವತ್ತು ಎಂಬುದು ರಿಜಿಸ್ಟರಿನಲ್ಲಿ ಇರಲೇಬೇಕಾದ ಮಾಹಿತಿ. ಡೈಪರಿನಲ್ಲಿ ಸ್ವಲ್ಪ ನೀರಾಗಿ ಹೋಗಿದೆ ಎಂಬುದು ಮಲಬದ್ಧತೆ ಇಲ್ಲವೆಂದು ಹೇಳುವುದಿಲ್ಲ, ಗಟ್ಟಿಯಾದ ಮಲದ ಪಕ್ಕದಿಂದ ದ್ರವ ಸೋರುತ್ತಿರಬಹುದು. ಮೂತ್ರವೂ ಹಾಗೆಯೇ: ಹನಿಹನಿಯಾಗಿ ಒದ್ದೆಯಾಗುತ್ತಿದ್ದು ಕಿಬ್ಬೊಟ್ಟೆ ಉಬ್ಬಿಕೊಂಡು ಮುಟ್ಟಿದರೆ ನರಳುತ್ತಿದ್ದರೆ ಮೂತ್ರಕೋಶ ತುಂಬಿದೆ ಎಂದೇ ಶಂಕಿಸಬೇಕು. ಬೆನ್ನು, ಹಿಮ್ಮಡಿ, ಸೊಂಟವನ್ನು ಬಟ್ಟೆ ಸರಿಸಿ ನೋಡಿ. ನೋವನ್ನು ಹೇಳಿಕೊಳ್ಳಲಾಗದವರು ಮುಖ ಕಿವುಚುತ್ತಾರೆ, ಪಕ್ಕ ತಿರುಗಿಸುವಾಗ ಕೈ ಹಿಡಿದು ತಳ್ಳುತ್ತಾರೆ. ಅದನ್ನು ಒರಟುತನ ಎಂದು ಬರೆಯುವ ಮುನ್ನ ಸೊಂಟದ ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮೂತ್ರದ ಸೋಂಕಿನ ಬಗ್ಗೆ ಒಂದು ಮಾತು. ವೃದ್ಧಾಶ್ರಮದಲ್ಲಿರುವ ಅನೇಕ ಹಿರಿಯರ, ಅದರಲ್ಲೂ ಮಹಿಳೆಯರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಉರಿಮೂತ್ರ, ಜ್ವರ, ಕಿಬ್ಬೊಟ್ಟೆ ನೋವು ಯಾವುದೂ ಇಲ್ಲದಿದ್ದರೂ ವರದಿಯಲ್ಲಿ ಬ್ಯಾಕ್ಟೀರಿಯಾ ಬಂತೆಂದು ಆಂಟಿಬಯೋಟಿಕ್ ಶುರುಮಾಡಿ ಹುಡುಕಾಟ ನಿಲ್ಲಿಸಿದರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಮಟ್ಟವನ್ನು ತಪ್ಪದೆ ನೋಡಿಸಬೇಕು. ಅದು 135ರಿಂದ 145ರ ನಡುವೆ ಇರಬೇಕು, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್‌ನಂತಹ ಬಿಪಿ ಮಾತ್ರೆಗಳಿಂದ ಅದು ಕುಸಿಯುವುದು ಹಿರಿಯರಲ್ಲಿ ಸಾಮಾನ್ಯ.

ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ಕಾರಣವನ್ನು ಇಲ್ಲಿ ಒತ್ತಿ ಹೇಳಬೇಕಿದೆ. ಚಳಿಗೆ ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಕೆಂಡದಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದೇ ಕೋಣೆಯ ಇಬ್ಬರು ಮೂವರು ಬೆಳಿಗ್ಗೆ ತಲೆನೋವು, ವಾಕರಿಕೆ, ಮಂಪರಿನಿಂದ ಎದ್ದರೆ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ತರಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈ ವಿಷಾನಿಲವನ್ನು ಗುರುತಿಸಲಾರದೆ 98, 99 ಎಂದು ತೋರಿಸಬಹುದು, ಅದನ್ನು ನಂಬಿ ಸುಮ್ಮನಿರಬಾರದು. ನಿವಾಸಿಗಳ ಕೋಣೆಯಲ್ಲಿ ಕೆಂಡವೇ ಬೇಡ. ಕಂಬಳಿ, ಸ್ವೆಟರ್, ಕಾಲುಚೀಲ ಸಾಕು.

ಆರನೆಯ ಹೆಜ್ಜೆ: ವೈದ್ಯರಿಗೆ ಫೋನ್ ಮಾಡುವುದು

‘ಅಜ್ಜಿ ಯಾಕೋ ಒಂಥರಾ ಆಡ್ತಿದ್ದಾರೆ ಸಾರ್’ ಎಂದರೆ ಆ ಕಡೆಯಿಂದ ನಿದ್ರೆ ಮಾತ್ರೆಯ ಹೆಸರು ಬರುವ ಸಾಧ್ಯತೆಯೇ ಹೆಚ್ಚು. ಹೀಗೆ ಹೇಳಿ ನೋಡಿ: ‘ಸಾರ್, 82 ವರ್ಷದ ಅಜ್ಜಿ, ಶುಗರ್ ಮತ್ತು ಬಿಪಿ ಇದೆ. ಮೊನ್ನೆಯವರೆಗೆ ತಾವೇ ನಡೆದು ಊಟದ ಮನೆಗೆ ಬರ್ತಿದ್ದರು, ನಮ್ಮೆಲ್ಲರ ಹೆಸರು ಹೇಳ್ತಿದ್ದರು. ನಿನ್ನೆ ಸಂಜೆಯಿಂದ ಮಂಪರು, ವಾರಗಳನ್ನು ಹಿಂದಕ್ಕೆ ಹೇಳೋಕೆ ಆಗ್ತಿಲ್ಲ. ಶುಗರ್ 140, ಉಸಿರು ನಿಮಿಷಕ್ಕೆ 28, ಆಮ್ಲಜನಕ 93, ಜ್ವರ ಇಲ್ಲ. ಮೂರು ದಿನದ ಹಿಂದೆ ಶೀತದ ಮಾತ್ರೆ ಶುರುವಾಗಿದೆ. ಡೆಲಿರಿಯಂ ಇರಬಹುದು ಅಂತ ನಮಗೆ ಅನುಮಾನ, ನೀವು ಬಂದು ನೋಡ್ತೀರಾ, ಆಸ್ಪತ್ರೆಗೆ ಕರೆತರೋಣವಾ?’ ಕೊನೆಯ ಪ್ರಶ್ನೆ ನೇರವಾಗಿರಬೇಕು. ಸಮಯ ಮತ್ತು ಸಿಕ್ಕ ಉತ್ತರವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ.

ಏಳನೆಯ ಹೆಜ್ಜೆ: ಹಾಸಿಗೆಯ ಪಕ್ಕದ ಆರೈಕೆ

ಕಾರಣಕ್ಕೆ ಚಿಕಿತ್ಸೆ ಶುರುವಾದ ಕೂಡಲೇ ಗೊಂದಲ ಕರಗುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತವೆ. ಆ ಅವಧಿಯಲ್ಲಿ ಕೆಲಸ ಮಾಡುವುದು ಸಾಧಾರಣವೆನಿಸುವ ಕ್ರಮಗಳೇ. ಅಮೆರಿಕದ ಯೇಲ್ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಸ್ಪತ್ರೆ ಸೇರಿದ 70 ದಾಟಿದ 852 ಜನರಲ್ಲಿ, ಸಮಯ ಸ್ಥಳ ನೆನಪಿಸುವುದು, ಔಷಧವಿಲ್ಲದೆ ನಿದ್ರೆಗೆ ನೆರವಾಗುವುದು, ನಡೆದಾಡಿಸುವುದು, ಕನ್ನಡಕ ಮತ್ತು ಶ್ರವಣ ಸಾಧನ ಒದಗಿಸುವುದು, ನೀರು ಕುಡಿಸುವುದು ಇಷ್ಟನ್ನೇ ಕ್ರಮಬದ್ಧವಾಗಿ ಮಾಡಿದ ಗುಂಪಿನಲ್ಲಿ ಡೆಲಿರಿಯಂ ಶೇ. 15ರ ಬದಲು ಶೇ. 9.9ಕ್ಕೆ ಇಳಿಯಿತು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ, ಜನ ಬೇಕು.

ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಕೂತು, ಅವರು ಒಗ್ಗಿಕೊಂಡ ಹೆಸರಿನಿಂದಲೇ ಕರೆದು, ಸಣ್ಣ ವಾಕ್ಯಗಳಲ್ಲಿ ಮಾತನಾಡಿ: ‘ಮೇಷ್ಟ್ರೇ, ನಾನು ರಾತ್ರಿ ಡ್ಯೂಟಿ ಸಿಸ್ಟರ್. ಈಗ ರಾತ್ರಿ ಎರಡು ಗಂಟೆ. ನೀವು ಆಶ್ರಮದಲ್ಲಿ ನಿಮ್ಮ ಕೋಣೆಯಲ್ಲೇ ಇದ್ದೀರಿ. ಶೀಟಿನ ಮೇಲೆ ಮಳೆ ಬೀಳ್ತಿದೆ, ಆ ಸದ್ದು ಅದರದ್ದು.’ ಅವರು ಕಂಡದ್ದು ಸುಳ್ಳೆಂದು ವಾದಿಸಬಾರದು, ಹೌದೆಂದು ಒಪ್ಪಿಕೊಳ್ಳಲೂಬಾರದು. ‘ನನಗೆ ಕಾಣಿಸ್ತಿಲ್ಲ, ಆದರೆ ನಿಮಗೆ ಹೆದರಿಕೆಯಾಗಿದೆ ಅಂತ ಗೊತ್ತಾಗ್ತಿದೆ, ನಾನು ಇಲ್ಲೇ ಕೂತಿರ್ತೀನಿ’ ಎಂದರೆ ಸಾಕು. ದೊಡ್ಡ ಅಕ್ಷರದ ಕ್ಯಾಲೆಂಡರ್ ಮತ್ತು ಗಡಿಯಾರ ಕಣ್ಣಿಗೆ ಬೀಳುವಂತಿರಲಿ. ಹಗಲಲ್ಲಿ ಕಿಟಕಿ ತೆರೆದು ಬೆಳಕು ಬರಲಿ, ರಾತ್ರಿ ಮಂದ ದೀಪವೊಂದು ಉರಿಯಲಿ. ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿದರೆ ನೆರಳುಗಳು ಕುಣಿಯತೊಡಗಿ, ಗೂಟಕ್ಕೆ ತೂಗುಹಾಕಿದ ರೇನ್‌ಕೋಟ್ ಮನುಷ್ಯನಂತೆ ಕಾಣುತ್ತದೆ. ಬ್ಯಾಟರಿ ದೀಪವೇ ಮೇಲು, ಗೂಟದ ಬಟ್ಟೆಗಳನ್ನೂ ತೆಗೆದಿಡಿ.

ನೀರನ್ನು ಲೋಟದಲ್ಲಿಟ್ಟು ಹೋದರೆ ಅದು ಅಲ್ಲೇ ಉಳಿಯುತ್ತದೆ. ಎಚ್ಚರವಾಗಿರುವಾಗ ನೇರವಾಗಿ ಕೂರಿಸಿ, ಗಂಟೆಗೊಮ್ಮೆ ಕೆಲವು ಗುಟುಕು ನೀರು, ಗಂಜಿ ತಿಳಿ, ಮಜ್ಜಿಗೆ, ಸಾರು ಕುಡಿಸಿ, ಕುಡಿದ ಪ್ರಮಾಣವನ್ನು ಬರೆಯಿರಿ. ಹೃದಯ ಅಥವಾ ಕಿಡ್ನಿ ತೊಂದರೆಗೆಂದು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೊಳಗೇ ಇರಬೇಕು. ಹಲ್ಲಿನ ಸೆಟ್ ಹಾಕದೆ ಊಟ ಕೊಟ್ಟು ‘ತಿನ್ನಲಿಲ್ಲ’ ಎಂದು ಬರೆಯುವುದು ನಡೆಯಬಾರದು. ಮಧ್ಯಾಹ್ನದ ನಂತರ ಕಾಫಿ ಬೇಡ. ಆಗುವವರನ್ನು ದಿನಕ್ಕೆ ಎರಡು ಮೂರು ಬಾರಿ ಹಿಡಿದು ನಡೆಸಿ, ಆಗದವರನ್ನು ಕುರ್ಚಿಯಲ್ಲಿ ಕೂರಿಸಿ. ರಾತ್ರಿ ಬಿಪಿ ನೋಡಲೆಂದು, ಡೈಪರ್ ಬದಲಿಸಲೆಂದು ಪ್ರತ್ಯೇಕವಾಗಿ ಎಬ್ಬಿಸದೆ ಕೆಲಸಗಳನ್ನು ಒಟ್ಟಿಗೆ ಮುಗಿಸಿ. ಕೋಣೆ ಬದಲಿಸುವುದು, ಹೊಸ ಸಿಬ್ಬಂದಿಯನ್ನು ನಿಯೋಜಿಸುವುದು ಈ ದಿನಗಳಲ್ಲಿ ಬೇಡ. ಮಗಳೋ ಸೊಸೆಯೋ ಬಂದು ಪಕ್ಕದಲ್ಲಿ ಇರಲು ಸಾಧ್ಯವಾದರೆ ಭೇಟಿಯ ಸಮಯದ ನಿಯಮವನ್ನು ಸಡಿಲಿಸಿ. ಪರಿಚಿತ ದನಿಗೆ ಸಮನಾದ ಶಮನಕಾರಿ ಇನ್ನೊಂದಿಲ್ಲ.

ಕಟ್ಟಿಹಾಕುವುದು ಮತ್ತು ಮಂಪರಿನ ಇಂಜೆಕ್ಷನ್

ಕೈಕಾಲುಗಳನ್ನು ಮಂಚಕ್ಕೆ ಕಟ್ಟಬಾರದು. ಕಟ್ಟಿದವರು ಇನ್ನಷ್ಟು ಹೆದರುತ್ತಾರೆ, ಎಳೆದಾಡಿ ಗಾಯ ಮಾಡಿಕೊಳ್ಳುತ್ತಾರೆ, ಡೆಲಿರಿಯಂ ಉಲ್ಬಣಿಸುತ್ತದೆ. ಮಂಚದ ಕಂಬಿಗಳನ್ನು ಏರಿಸಿದರೆ ಅವುಗಳನ್ನು ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಹಾಸಿಗೆಯನ್ನು ನೆಲಕ್ಕೆ ಹತ್ತಿರ ತಂದು, ಪಕ್ಕದಲ್ಲಿ ಇನ್ನೊಂದು ಹಾಸಿಗೆ ಹಾಸಿ, ಒಬ್ಬರು ಕಣ್ಣಳತೆಯಲ್ಲಿ ಇರುವುದು ಕ್ಷೇಮ. ಅನಗತ್ಯವಾಗಿ ಹಾಕಿದ ಕ್ಯಾತಿಟರ್, ಅಂದರೆ ಮೂತ್ರದ ನಳಿಕೆ ಕೂಡ ಒಂದು ಬಗೆಯ ಕಟ್ಟುವಿಕೆಯೇ.

ವ್ಯಕ್ತಿ ತೀವ್ರ ಭಯದಲ್ಲಿದ್ದು, ತಮಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದು, ಮೇಲಿನ ಯಾವ ಕ್ರಮವೂ ಫಲಿಸದಿದ್ದಾಗ ಮಾತ್ರ ವೈದ್ಯರು ಹಾಲೋಪೆರಿಡಾಲ್‌ನಂತಹ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನಗಳ ಮಟ್ಟಿಗೆ ಕೊಡಬಹುದು. ಪಾರ್ಕಿನ್ಸನ್ ಕಾಯಿಲೆ ಅಥವಾ ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗೆ ಇದು ದೊಡ್ಡ ಹಾನಿ ಮಾಡುತ್ತದೆ, ಆದ್ದರಿಂದ ಆ ಮಾಹಿತಿಯನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಮದ್ಯ ಅಥವಾ ನಿದ್ರೆ ಮಾತ್ರೆ ನಿಂತದ್ದರಿಂದ ಆದ ಡೆಲಿರಿಯಂಗೆ ಚಿಕಿತ್ಸೆಯೇ ಬೇರೆ, ಅದು ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು. ಸಿಬ್ಬಂದಿ ಕೊರತೆಯಿಂದಾಗಿ ರಾತ್ರಿ ಶಾಂತವಾಗಿರಲೆಂದು ಎಲ್ಲರಿಗೂ ಮಾತ್ರೆ ಹಂಚುವ ಪದ್ಧತಿ ಎಲ್ಲಿದ್ದರೂ ಅದು ಆರೈಕೆಯಲ್ಲ.

ಆಸ್ಪತ್ರೆಗೆ ಕಳಿಸುವಾಗ, ಮರಳಿ ಬಂದಾಗ

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗಾಗಲಿ ಕಳಿಸುವಾಗ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿ, ಎಂದಿನ ಸ್ಥಿತಿಯ ಪುಟದ ನಕಲು, ಕನ್ನಡಕ, ಶ್ರವಣ ಸಾಧನ, ಹಲ್ಲಿನ ಸೆಟ್, ಅವರದೇ ಹೊದಿಕೆ ಕೊಟ್ಟು ಕಳಿಸಿ. ಅವರನ್ನು ಬಲ್ಲ ಒಬ್ಬರು ಜೊತೆಗಿರಲಿ; ಚೀಟಿಯಲ್ಲಿ ‘ಪ್ರಜ್ಞೆಯಲ್ಲಿ ದಿಢೀರ್ ಬದಲಾವಣೆ, ಎರಡು ದಿನದಿಂದ’ ಎಂದು ಸ್ಪಷ್ಟವಾಗಿ ಬರೆದಿರಲಿ, ಇಲ್ಲದಿದ್ದರೆ ಅಲ್ಲಿಯೂ ಅದು ವಯಸ್ಸಿನ ಮರೆವೆಂದೇ ದಾಖಲಾಗುತ್ತದೆ. ಮರಳುವಾಗ ಯಾವ ಮಾತ್ರೆ ನಿಂತಿತು, ಯಾವುದು ಹೊಸತು, ಶಾಂತಗೊಳಿಸಲು ಕೊಟ್ಟದ್ದನ್ನು ಎಂದು ನಿಲ್ಲಿಸಬೇಕು ಎಂಬುದನ್ನು ಕೇಳಿ ಬರೆಸಿಕೊಂಡು ಬರಬೇಕು.

ಕುಟುಂಬದವರಿಗೆ ಮೊದಲೇ ಹೇಳಬೇಕಾದ ಮಾತುಗಳಿವೆ. ಬಹುತೇಕರು ಚೇತರಿಸಿಕೊಳ್ಳುತ್ತಾರೆ, ಆದರೆ ಕೆಲವರಲ್ಲಿ ತಿಂಗಳುಗಳು ಹಿಡಿಯುತ್ತವೆ, ಕೆಲವರು ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. ಡೆಲಿರಿಯಂ ಆದವರಲ್ಲಿ ಮುಂದೆ ಡಿಮೆನ್ಷಿಯಾದ ಅಪಾಯವೂ ಹೆಚ್ಚು. ಹಾಗಿದ್ದರೂ ಗೊಂದಲ ಇರುವಾಗಲೇ ನೆನಪಿನ ಪರೀಕ್ಷೆ ಮಾಡಿಸಿ ಡಿಮೆನ್ಷಿಯಾ ಎಂದು ಹಣೆಪಟ್ಟಿ ಹಚ್ಚುವುದು ಅವಸರವಾಗುತ್ತದೆ. ಪೂರ್ತಿ ತಿಳಿಯಾಗಲು ಕೆಲವು ವಾರಗಳನ್ನು, ಸಾಧ್ಯವಾದರೆ ಮೂರು ತಿಂಗಳನ್ನು ಕೊಟ್ಟು ಆಮೇಲೆ ಪರೀಕ್ಷಿಸಬೇಕು. ಆಸ್ತಿಪತ್ರ, ಬ್ಯಾಂಕಿನ ಕಾಗದಗಳಿಗೆ ಸಹಿ ಹಾಕಿಸುವ ಆತುರವಿರುವ ಬಂಧುಗಳು ಕೆಲವೊಮ್ಮೆ ಇದೇ ಹೊತ್ತಿಗೆ ಕಾಣಿಸಿಕೊಳ್ಳುತ್ತಾರೆ. ಆ ಸಹಿಗಳಿಗೆ ಆಶ್ರಮದವರು ಸಾಕ್ಷಿಯಾಗಬಾರದು.

ಚೇತರಿಸಿಕೊಂಡ ಹಿರಿಯರಿಗೆ ನಡೆದದ್ದು ತುಣುಕು ತುಣುಕಾಗಿ ನೆನಪಿರುತ್ತದೆ: ಯಾರೋ ಕೊಲ್ಲಲು ಬಂದಂತೆ, ತಾವು ಸಿಸ್ಟರ್‌ಗೆ ಕೆಟ್ಟ ಮಾತು ಆಡಿದಂತೆ. ನಾಚಿಕೆಯಿಂದ ಅವರು ಅದನ್ನು ಕೇಳುವುದಿಲ್ಲ, ಹುಚ್ಚು ಹಿಡಿಯಿತೇನೋ ಎಂಬ ಭಯದಲ್ಲೇ ದಿನ ಕಳೆಯುತ್ತಾರೆ. ‘ನಿಮಗೆ ಶ್ವಾಸಕೋಶದ ಸೋಂಕಾಗಿತ್ತು, ಅದರಿಂದ ತಲೆಗೆ ಗೊಂದಲವಾಗಿತ್ತು, ಬಹಳ ಜನಕ್ಕೆ ಹೀಗಾಗುತ್ತದೆ, ನೀವು ಆಡಿದ ಮಾತನ್ನು ಯಾರೂ ತಪ್ಪು ತಿಳಿದಿಲ್ಲ’ ಎಂದು ನಾವಾಗಿಯೇ ಕೂತು ಹೇಳಬೇಕು. ಕೆಟ್ಟ ಕನಸು, ಒಂಟಿಯಾಗಿರಲು ಹೆದರಿಕೆ, ಊಟ ಸೇರದಿರುವುದು ವಾರಗಳ ನಂತರವೂ ಮುಂದುವರಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ತೋರಿಸಬಹುದು, ಅಥವಾ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.